ಎತ್ತು ಏರಿಗೆ, ಕೋಣ ನೀರಿಗೆ

ಕಪಾಟಿನಲ್ಲಿ ತೂಗುಹಾಕಿದ್ದ ನನ್ನ ಚರ್ಮದ ಬೆಲ್ಟಿಗೆ ಹಸಿರು ಮೀಸೆ ಚಿಗುರಿತ್ತು. ಧೂಳಿರಬೇಕು ಅಂತ ಒರೆಸಿಟ್ಟೆ. ಎರಡು ವಾರಕ್ಕೆ ಮತ್ತೆ ಬಂತು, ಈ ಸಲ ಗಡ್ಡದ ಸಮೇತ. ಬಚ್ಚಲುಮನೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಸ್ನಾನ ಮುಗಿಸಿ ಹೊರಬರಬೇಕಾದರೆ ಭುಜ ಕೊಟ್ಟು ತಳ್ಳಬೇಕು. ಹಾಸಿಗೆ ಮೇಲೆ ಕೂತರೆ, ಅಲ್ಲಿದ್ದ ಒದ್ದೆ ಟವಲನ್ನು ಯಾರೋ ಈಗಷ್ಟೇ ಎತ್ತಿಕೊಂಡು ಹೋದ ಹಾಗೆ.

ಮನೆಗೆಲ್ಲ ಡಕ್ಟ್, ಅಂದರೆ ಗಾಳಿ ಸಾಗಿಸುವ ಕೊಳವೆ, ಎಳೆದು ಎಸಿ ಹಾಕಿಸಿದ್ದೇನೆ, ಇನ್ನು ತೇವಕ್ಕೇನು ಕೆಲಸ? ತಾಪಮಾನ ಇಳಿಸಿದೆ. 24 ಇದ್ದದ್ದು 22 ಆಯಿತು, 20 ಆಯಿತು. ಹೆಂಡತಿ ಸ್ವೆಟರ್ ಹಾಕಿಕೊಂಡು ಬಂದು ಹೇಳಿದಳು: "ರೀ, ಮೊದಲು ಮನೆ ಬರೀ ಒದ್ದೆ ಇತ್ತು. ಈಗ ತಣ್ಣಗೂ ಆಯ್ತು. ಕಪ್ಪೆ ಸಾಕೋ ಯೋಚನೆ ಇದೆಯಾ?"

ತಪ್ಪು ನನ್ನದೇ. ಎಸಿ ಕೊಳ್ಳುವಾಗ "ದೊಡ್ಡದೇ ಇರಲಿ" ಅಂದಿದ್ದೆ. ಎಸಿಯೊಳಗಿನ ತಣ್ಣನೆಯ ಕಾಯಿಲ್ ಮೇಲೆ, ಐಸ್ ನೀರಿನ ಲೋಟದ ಮೈ ಬೆವರುವ ಹಾಗೆ, ಗಾಳಿಯ ತೇವ ಹನಿಗಟ್ಟುತ್ತದೆ. ಆದರೆ ಅದಕ್ಕೆ ಕಂಪ್ರೆಸರ್ ಒಂದಷ್ಟು ಹೊತ್ತು ಬಿಡದೆ ಓಡಬೇಕು. ನಮ್ಮ ಭೀಮ ಎಂಟೇ ನಿಮಿಷದಲ್ಲಿ ಮನೆ ತಣ್ಣಗೆ ಮಾಡಿ ಮಲಗಿಬಿಡುತ್ತಿದ್ದ. ಹನಿ ಕೂಡುವುದಕ್ಕೂ ಅವನ ಗೊರಕೆ ಶುರುವಾಗುವುದಕ್ಕೂ ಸರಿಹೋಗುತ್ತಿತ್ತು.

ತಮಾಷೆಯೆಂದರೆ, ಎಸಿ ಹುಟ್ಟಿದ್ದೇ ತೇವದ ಕಾಟಕ್ಕೆ. 1902ರಲ್ಲಿ ವಿಲಿಸ್ ಕ್ಯಾರಿಯರ್ ತನ್ನ ಯಂತ್ರವನ್ನು ರೂಪಿಸಿದ್ದು ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಒತ್ತಬೇಕಾದ ಬಣ್ಣಗಳು ಜಾಗ ತಪ್ಪುತ್ತಿದ್ದವು. ಕಾಗದಕ್ಕೆ ಸಿಕ್ಕ ಮರ್ಯಾದೆ ನನ್ನ ಬೆಲ್ಟಿಗೆ ಸಿಗಲಿಲ್ಲ.

ಮೊದಲು ತಂದದ್ದು ಕೋಣೆಯ ಮೂಲೆಯಲ್ಲಿಡುವ ಪುಟ್ಟ ಡಿಹ್ಯುಮಿಡಿಫೈಯರ್, ಗಾಳಿಯ ತೇವ ಹಿಂಡುವ ಯಂತ್ರ. ಅದರ ಹೊಟ್ಟೆಯಲ್ಲೊಂದು ಡಬ್ಬಿ. ತುಂಬಿದರೆ ಕಂಯ್ ಅಂತ ಕೂಗುತ್ತದೆ, ತುಂಬುವುದು ರಾತ್ರಿ ಎರಡೂವರೆಗೆ. ಮಗು ಸಾಕಿ ಎಷ್ಟೋ ವರ್ಷವಾದ ಮೇಲೆ ಮತ್ತೆ ಆ ಹೊತ್ತಿನಲ್ಲಿ ಎದ್ದು ಒದ್ದೆ ಮಾಡಿಕೊಂಡವರನ್ನು ನೋಡುವ ಯೋಗ. ಕತ್ತಲಲ್ಲಿ ಡಬ್ಬಿ ಎತ್ತಿ ಬಚ್ಚಲಿಗೆ ಹೋಗುವಷ್ಟರಲ್ಲಿ, ಗಾಳಿಯಿಂದ ಹಿಂಡಿ ತೆಗೆದ ನೀರಿನಲ್ಲಿ ಕಾಲುಭಾಗ ನೆಲಕ್ಕೆ ವಾಪಸ್.

ಸಾಕಾಗಿ ಇಡೀ ಮನೆಗೆ ಆಗುವಂಥದ್ದನ್ನೇ ತರಿಸಿದೆ. ದಿನಕ್ಕೆ 33 ಲೀಟರ್ ನೀರು ತೆಗೆಯಬಲ್ಲ ಪೆಟ್ಟಿಗೆ. ಮೆಕ್ಯಾನಿಕ್ ಅಟ್ಟದಲ್ಲಿ ಎರಡು ದಿನ ಬಗ್ಗಿಕೊಂಡೇ ಇದ್ದು ಡಕ್ಟಿಗೆ ತೂತು ಕೊರೆದು ಜೋಡಿಸಿದ. ಗಾಳಿ ಹಿಂದಕ್ಕೆ ನುಗ್ಗದ ಹಾಗೆ ಡ್ಯಾಂಪರ್ ಹಾಕಿದ, ನೀರು ಹೋಗಲು ಪೈಪು ಎಳೆದ. "ಇನ್ನು ನೀವು ಡಬ್ಬಿ ಮುಟ್ಟೋ ಹಂಗೇ ಇಲ್ಲ ಸಾರ್" ಅಂತ ಆಶೀರ್ವಾದ ಮಾಡಿ ಹೋದ.

ಆ ಎರಡು ದಿನ ಕೆಳಗೆ ಕೂತು ನಾನೊಂದು ಲೆಕ್ಕ ಹಾಕಿದ್ದೆ. ಹಾಕಬಾರದಿತ್ತು. ನಮ್ಮ ಮನೆಯೊಳಗೆ ಸುಮಾರು 300 ಘನ ಮೀಟರ್ ಗಾಳಿ. 25 ಡಿಗ್ರಿಯಲ್ಲಿ ತೇವಾಂಶ ಶೇ. 60 ಇದ್ದರೆ ಅಷ್ಟೂ ಗಾಳಿಯಲ್ಲಿರುವ ನೀರು ನಾಲ್ಕು ಲೀಟರಿನಷ್ಟು. ಅದನ್ನು 50ಕ್ಕೆ ಇಳಿಸಲು ತೆಗೆಯಬೇಕಾದದ್ದು ಮುಕ್ಕಾಲು ಲೀಟರಿಗೂ ಕಮ್ಮಿ. ಒಂದು ಬಾಟಲಿ ನೀರಿಗಾಗಿ ಅಟ್ಟ ಅಗೆಸುತ್ತಿದ್ದೆ! ಆದರೆ ಬಾಟಲಿ ಖಾಲಿಯಾಗಲು ಬಿಡುವವರಾರು? ನಾವು ಉಸಿರಾಡುತ್ತೇವೆ, ಮೀಯುತ್ತೇವೆ, ಕುದಿಸುತ್ತೇವೆ. ಗೋಡೆ, ಗಾದಿ, ಪರದೆಗಳು ಕುಡಿದಿಟ್ಟದ್ದನ್ನು ನಿಧಾನಕ್ಕೆ ಕಕ್ಕುತ್ತವೆ. ಬಾಗಿಲ ಸಂದಿಯಿಂದ ಹೊರಗಿನದು ನುಗ್ಗುತ್ತದೆ. ಬಾಟಲಿ ಒಂದೇ, ದಿನವಿಡೀ ತುಂಬುತ್ತಲೇ ಇರುತ್ತದೆ.

ವಾರ ಕಳೆದರೂ ತೇವಾಂಶದ ಮೀಟರ್ ಶೇ. 58ರಿಂದ ಕದಲಲಿಲ್ಲ. ಅಟ್ಟದ ಪೆಟ್ಟಿಗೆ ಮಾತ್ರ ಹಗಲೂ ರಾತ್ರಿ ಗುಂಯ್‌ಗುಡುತ್ತಿತ್ತು. ಮೆಕ್ಯಾನಿಕ್ ಮತ್ತೆ ಬಂದ. ಅಟ್ಟ ಹತ್ತಲೇ ಇಲ್ಲ, ಎಸಿಯ ಥರ್ಮೋಸ್ಟಾಟ್ ನೋಡಿ ನಿಟ್ಟುಸಿರು ಬಿಟ್ಟ.

"ಫ್ಯಾನ್ ಯಾಕ್ ಸಾರ್ 'ಆನ್'ನಲ್ಲಿದೆ?"

"ಗಾಳಿ ಆಡ್ತಿರಲಿ ಅಂತ."

ಕಂಪ್ರೆಸರ್ ನಿಂತ ಮೇಲೂ ಫ್ಯಾನ್ ತಿರುಗುತ್ತಿದ್ದರೆ ಕಾಯಿಲ್ ಮೇಲೆ ಕೂತ ಹನಿಗಳೆಲ್ಲ ಆರಿ ಮತ್ತೆ ಮನೆಯೊಳಗೇ ಬರುತ್ತವಂತೆ. ಅಂದರೆ ಒಂದು ಯಂತ್ರ ಹಿಂಡುತ್ತಿತ್ತು, ಇನ್ನೊಂದು ಚಿಮುಕಿಸುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಆ ಎತ್ತು, ಆ ಕೋಣ ಎರಡಕ್ಕೂ ಕರೆಂಟ್ ಬಿಲ್ ಕಟ್ಟುತ್ತಿದ್ದವನು ನಾನು. ಸಾಲದ್ದಕ್ಕೆ ಆವಿ ಒಂದು ಲೀಟರ್ ನೀರಾಗುವಾಗ ಸುಮಾರು 0.7 ಯೂನಿಟ್ ಕರೆಂಟಿನಷ್ಟು ಶಾಖ ಬಿಡುತ್ತದೆ. ಪೆಟ್ಟಿಗೆಯಿಂದ ಬರುವ ಗಾಳಿ ಒಣಗಿರುತ್ತದೆ, ಬೆಚ್ಚಗೂ ಇರುತ್ತದೆ. ಅದನ್ನು ತಣಿಸಲು ಭೀಮ ಮತ್ತೆ ಏಳಬೇಕು.

ಫ್ಯಾನನ್ನು 'ಆಟೋ'ಗೆ ತಿರುಗಿಸಿದೆವು. ಮೂರೇ ದಿನಕ್ಕೆ ಮೀಟರ್ 54 ತೋರಿಸಿತು. ಬಾಗಿಲು ಚೌಕಟ್ಟನ್ನು ಬಿಟ್ಟಿತು. ನಾಲ್ಕನೇ ದಿನ ಬೆಳಿಗ್ಗೆ ಹಾಲ್‌ನಲ್ಲಿ ಪೇಪರ್ ಓದುತ್ತಿದ್ದಾಗ ಸರಿಯಾಗಿ ಕ್ರೀಡಾಪುಟದ ಮೇಲೆ ಟಪ್ ಅಂತ ಒಂದು ಹನಿ ಬಿತ್ತು. ತಲೆಯೆತ್ತಿದೆ. ಸೀಲಿಂಗಿನಲ್ಲಿ ಚಹಾ ಬಣ್ಣದ ಒಂದು ವೃತ್ತ, ಅದರ ನಡುವೆ ಎರಡನೇ ಹನಿ ದಪ್ಪಗಾಗುತ್ತಾ ಇನ್ನೂ ಮನಸ್ಸು ಮಾಡದೆ ತೂಗುತ್ತಿತ್ತು.

"ತೇವ ತೆಗೆಯೋ ಮಿಷನ್ ಅಲ್ವೇನ್ರೀ ಅದು?" ಹೆಂಡತಿ ಕೇಳಿದಳು. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳುವ ಕುತೂಹಲವಿತ್ತು. ಅದೇ ಹೆಚ್ಚು ಚುಚ್ಚಿತು.

ಪೈಪಿಗೆ ಟ್ರ್ಯಾಪ್, ಅಂದರೆ ನೀರು ನಿಲ್ಲುವ ಒಂದು ಬಾಗು, ಹಾಕುವುದು ಮರೆತುಹೋಗಿತ್ತಂತೆ. ಪೆಟ್ಟಿಗೆಯೊಳಗಿನ ಫ್ಯಾನ್ ಡ್ರೈನ್ ಪೈಪಿನಿಂದಲೂ ಗಾಳಿ ಹೀರುತ್ತದೆ. ಕೆಳಗಿನಿಂದ ಗಾಳಿ ಮೇಲೇರುತ್ತಿದ್ದರೆ ಮೇಲಿನ ನೀರು ಇಳಿಯುವುದು ಹೇಗೆ? ತಟ್ಟೆಯಲ್ಲೇ ನಿಂತು, ತುಂಬಿ, ಅಂಚು ದಾಟಿತ್ತು. ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ಅದರಲ್ಲಿ ಒಂದಿಷ್ಟು ನೀರು ನಿಲ್ಲಿಸಿದರೆ ಗಾಳಿಯ ದಾರಿ ಮುಚ್ಚುತ್ತದೆ, ನೀರಿನ ದಾರಿ ತೆರೆಯುತ್ತದೆ. ನೀರನ್ನು ಕಳಿಸಲು ನೀರನ್ನೇ ಕಾವಲಿಡಬೇಕು. ಜೊತೆಗೆ, ತಟ್ಟೆ ತುಂಬಿದರೆ ಯಂತ್ರವನ್ನೇ ನಿಲ್ಲಿಸುವ ಫ್ಲೋಟ್ ಸ್ವಿಚ್ಚೂ ಬಂತು. ಸೀಲಿಂಗಿನ ವೃತ್ತ ಹಾಗೇ ಇದೆ. ಬಂದ ನೆಂಟರು ಮೊದಲು ನೋಡುವುದು ಅದನ್ನೇ.

ಆಮೇಲೆ ಹಿಡಿದದ್ದು ಮೀಟರಿನ ಹುಚ್ಚು. 54 ಯಾಕೆ, 50 ಯಾಕಿಲ್ಲ? ಹೆಂಡತಿ ಸ್ನಾನಕ್ಕೆ ಹೋದರೆ ಬಾಗಿಲಾಚೆ ನಿಂತು "ಎಕ್ಸಾಸ್ಟ್ ಹಾಕಿದೀಯಾ?" ಅನ್ನುತ್ತಿದ್ದೆ. ಪಾತ್ರೆ ಕುದಿಯುತ್ತಿದ್ದರೆ ಓಡಿಹೋಗಿ ಮುಚ್ಚಳ ಮುಚ್ಚುತ್ತಿದ್ದೆ. 1783ರಲ್ಲಿ ಜಿನೀವಾದ ಸೊಸ್ಯೂರ್ ಎಂಬ ವಿಜ್ಞಾನಿ ತೇವ ಅಳೆಯಲು ಮನುಷ್ಯನ ಕೂದಲನ್ನು ಬಳಸುವ ಬಗೆಯನ್ನು ವಿವರಿಸಿದ. ತೇವ ಹೆಚ್ಚಿದರೆ ಕೂದಲು ಉದ್ದವಾಗುತ್ತದೆ. ನನ್ನ ತಲೆಯಲ್ಲಿ ಆ ಸಾಮಗ್ರಿಯ ದಾಸ್ತಾನು ಕಮ್ಮಿಯಾದ್ದರಿಂದ ಡಿಜಿಟಲ್ ಮೀಟರನ್ನೇ ನಂಬಿದ್ದೆ.

ಮೀಟರನ್ನೇ ಪರೀಕ್ಷಿಸುವ ಉಪಾಯವೊಂದಿದೆ ಅಂತ ಈಚೆಗೆ ಗೊತ್ತಾಯಿತು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕರಗಿಹೋಗದಂತೆ ನಾಲ್ಕು ಹನಿ ನೀರು ಹಾಕಿ, ಮೀಟರಿನ ಜೊತೆ ಗಾಳಿಯಾಡದ ಚೀಲದಲ್ಲಿಟ್ಟರೆ, ಬೆಳಗಾಗುವಷ್ಟರಲ್ಲಿ ಅದು ಶೇ. 75 ತೋರಿಸಬೇಕು. ಉಪ್ಪಿನ ಗುಣವೇ ಅಂಥದ್ದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಇಟ್ಟೆ. ಬೆಳಿಗ್ಗೆ ನೋಡಿದರೆ 81.

ಆರು ಹೆಚ್ಚು. ಅಂದರೆ 54 ಅಂದದ್ದು 48. ಅಂದರೆ ನಾನು ಬಚ್ಚಲ ಬಾಗಿಲಲ್ಲಿ ಕಾವಲು ನಿಂತ ದಿನಗಳಲ್ಲೆಲ್ಲ...

"ಉಪ್ಪಿನ ಡಬ್ಬಿ ಹಾಲ್‌ಗೆ ಯಾಕ್ ಬಂತು?" ಹಿಂದಿನಿಂದ ದನಿ.

ಮೀಟರನ್ನು ಜೇಬಿಗೆ ಇಳಿಬಿಟ್ಟೆ. "ಉಪ್ಪು ಒದ್ದೆಯಾಗಿದೆಯೇನೋ ಅಂತ ನೋಡ್ತಿದ್ದೆ."

ಅವಳು ಡಬ್ಬಿ ಅಲ್ಲಾಡಿಸಿದಳು. ಉದುರುದುರಾಗಿ ಸದ್ದು ಮಾಡಿತು.

"ಚೆನ್ನಾಗೇ ಇದೆಯಲ್ಲ. ಒಂದು ತಿಂಗಳಿಂದ ಹೀಗೇ ಇದೆ."