ಆಕ್ಸಲ್ ಗಟ್ಟಿಯಂತೆ!

ನಿನ್ನೆ ಸಂಜೆ ಭೀಮಸಮುದ್ರದ ಕಡೆಯಿಂದ ಒಂದು ಟ್ರ್ಯಾಕ್ಟರು ಹಳೆಯ ಜೀಪೊಂದನ್ನು ಹಗ್ಗ ಕಟ್ಟಿ ಎಳೆದುಕೊಂಡು ಚಿತ್ರದುರ್ಗಕ್ಕೆ ಬಂತು. ಜೀಪಿನ ಹಿಂಬದಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಮದಕರಿ’ ಎಂದು ಬರೆದಿತ್ತು. ಪಾಪ, ಆ ಹೆಸರಿಗೆ ಹಗ್ಗದ ಗತಿ!

ಎರಡು ತಿಂಗಳ ಹಿಂದೆ ಇದೇ ಜೀಪಿನ ಫೋಟೊ ಇಲ್ಲೇ ಓಡಾಡಿತ್ತು. ಹಿಂದಿನ ಆಕ್ಸಲ್, ಅಂದರೆ ಚಕ್ರಗಳನ್ನು ತಿರುಗಿಸುವ ಅಡ್ಡ ದಿಂಡು, ಕಿತ್ತು ಅಲ್ಲಿ ಗುಜರಿಯಿಂದ ತಂದ ಪಿಕಪ್ ಗಾಡಿಯದನ್ನು ಕೂರಿಸಿದ್ದರು, ಅದಕ್ಕೆ ಹೊಳೆಯುವ ಕಪ್ಪು ಬಣ್ಣ, ಮೇಲೊಂದು ನಿಂಬೆಹಣ್ಣು. ‘ಇನ್ನು ಯಾವ ಗುಡ್ಡವಾದರೂ ಸರಿ’ ಎಂಬ ಸಾಲು ಬೇರೆ. ಲೈಕ್ ಒತ್ತಿದವರಲ್ಲಿ ನಾನೂ ಒಬ್ಬ. ಜೀಪಿನ ಹುಡುಗ ನಮ್ಮ ಬೀದಿಯವನೇ, ನನ್ನನ್ನು ಅಣ್ಣಾ ಎಂದು ಕರೆಯುವವನು.

ಆಕ್ಸಲ್‌ಗೆ ಏನೂ ಆಗಿರಲಿಲ್ಲ. ಕಲ್ಲುದಾರಿಯಲ್ಲಿ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ವೀಲ್ ಹಾಕಿ ಅರ್ಧ ಗಂಟೆ ಓಡಿಸಿದ್ದಾನೆ, ಆ ಬಲವನ್ನು ಹಿಂದೆ ಮುಂದೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಲ್ಲು ಉದುರಿದೆ. ಆಯಿಲ್ ಬಿಚ್ಚಿದಾಗ ಚೂರುಗಳು ಟ್ರೇಗೆ ಟಣಟಣ ಬಿದ್ದವು.

“ರೇಷಿಯೋ ಎಣಿಸಿದ್ದೆಯಾ?” ಎಂದು ಕೇಳಿದೆ.

“ಗಟ್ಟಿ ಇದೆ ಅಂದರು ಅಣ್ಣಾ.”

ಗಟ್ಟಿ! ನಾನು ಕೇಳಿದ್ದೇನು, ಇವನು ಹೇಳಿದ್ದೇನು? ರೇಷಿಯೋ ಎಂದರೆ ಚಕ್ರ ಒಂದು ಸುತ್ತು ಹಾಕಲು ಶಾಫ್ಟ್ ಎಷ್ಟು ಸುತ್ತು ಹಾಕಬೇಕು ಎಂಬ ಲೆಕ್ಕ. ಸೀಮೆಸುಣ್ಣದಲ್ಲಿ, ಆಕ್ಸಲ್ ತನಕ ತಿರುವು ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಒಂದು ಗೆರೆ, ಟೈರಿಗೆ ಒಂದು ಗೆರೆ ಎಳೆದೆ. ಜಾಕ್ ಕೊಟ್ಟು ಎರಡೂ ಚಕ್ರಗಳನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಿದೆವು. ಮುಂದಿನ ಶಾಫ್ಟ್ ಐದು ಸುತ್ತು ದಾಟಿ ಮತ್ತೂ ಮೂರನೇ ಒಂದು ಭಾಗದಷ್ಟು ಹೋಯಿತು. ಹಿಂದಿನದು ನಾಲ್ಕು ದಾಟಿ ಒಂಚೂರು ಸರಿದು ನಿಂತಿತು. ಮುಂದೆ 5.38, ಹಿಂದೆ 4.10. ಫೋರ್ ವೀಲ್ ಹಾಕಿದಾಗ ಎರಡು ಶಾಫ್ಟುಗಳೂ ಒಂದೇ ವೇಗದಲ್ಲಿ ತಿರುಗುತ್ತವೆ. ಶಾಫ್ಟ್ 100 ಸುತ್ತು ಹಾಕುವಷ್ಟರಲ್ಲಿ ಮುಂದಿನ ಚಕ್ರ ಹದಿನೆಂಟೂವರೆ ಸುತ್ತು, ಹಿಂದಿನದು ಇಪ್ಪತ್ನಾಲ್ಕು. ಒಂದೇ ನೊಗಕ್ಕೆ ಎತ್ತನ್ನೂ ಕುದುರೆಯನ್ನೂ ಕಟ್ಟಿದ ಹಾಗೆ. ಕೆಸರಿನಲ್ಲಾದರೆ ಟೈರು ಜಾರಿ ಸರಿದೂಗಿಸಿಕೊಳ್ಳುತ್ತದೆ. ನಮ್ಮ ದುರ್ಗದ ಬಂಡೆಯ ಮೇಲೆ ಜಾರುವುದೆಲ್ಲಿ? ಜಗಳವೆಲ್ಲ ನಡುವೆ ಕೂತ ಟ್ರಾನ್ಸ್‌ಫರ್ ಕೇಸಿನ ತಲೆಗೆ.

ಐದು ರೂಪಾಯಿಯ ಸೀಮೆಸುಣ್ಣ, ಹತ್ತು ನಿಮಿಷದ ಕೆಲಸ. ಬಣ್ಣ ಬಳಿಯಲು ಎರಡು ದಿನ ಇತ್ತು, ನಿಂಬೆಹಣ್ಣಿಗೂ ಬಿಡುವಿತ್ತು, ಎಣಿಸಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ.

‘ಅಮೆರಿಕದವರು ಆಕ್ಸಲ್ ಬದಲಿಸುವುದಿಲ್ಲವೇ’ ಎಂದು ಕೇಳುವವರು ಈಗಾಗಲೇ ಮೊಬೈಲ್ ಕೈಗೆತ್ತಿಕೊಂಡಿರುತ್ತಾರೆ. ಬದಲಿಸುತ್ತಾರೆ ಸ್ವಾಮಿ. ಅಲ್ಲಿನ ಹಳೆಯ ರ್‍ಯಾಂಗ್ಲರ್ ಜೀಪಿನ ಡಾನಾ 35 ಆಕ್ಸಲ್ ನಿಜಕ್ಕೂ ಬಡಪಾಯಿ, ಅದರೊಳಗಿನ ಶಾಫ್ಟಿನ ತುದಿಯಲ್ಲಿ ಬರೀ 27 ಸ್ಪ್ಲೈನ್, ಅಂದರೆ ಹಲ್ಲು. ಅದನ್ನು ಕಿತ್ತು ಫೋರ್ಡ್ ಎಕ್ಸ್‌ಪ್ಲೋರರ್‌ನ 8.8 ಆಕ್ಸಲ್ ಕೂರಿಸುತ್ತಾರೆ. ಒಳಗಿನ ದೊಡ್ಡ ಹಲ್ಲಿನ ಚಕ್ರವಾದ ಕ್ರೌನ್ ವೀಲ್ 8.8 ಇಂಚು, 31 ಸ್ಪ್ಲೈನ್, ಡಿಸ್ಕ್ ಬ್ರೇಕ್ ಇರುವುದೂ ಸಿಗುತ್ತದೆ, ಚಕ್ರದ ಐದು ಬೋಲ್ಟುಗಳ ಅಳತೆಯೂ ಹೊಂದುತ್ತದೆ. ಆದರೆ ಜೀಪಿನಲ್ಲಿ 4.10 ಇದ್ದರೆ 4.10 ಇರುವುದನ್ನೇ ಹುಡುಕಿ ತರುತ್ತಾರೆ, ಸಿಗದಿದ್ದರೆ ಕ್ರೌನ್ ವೀಲನ್ನೂ ಅದನ್ನು ತಿರುಗಿಸುವ ಪಿನಿಯನ್ನನ್ನೂ ಬದಲಿಸಿ ಹಿಂದೆ ಮುಂದೆ ಸರಿಮಾಡುತ್ತಾರೆ. ನಮ್ಮವರು ವಿಡಿಯೊದಲ್ಲಿ ವೆಲ್ಡಿಂಗ್ ಕಿಡಿ ಹಾರುವವರೆಗೆ ಮಾತ್ರ ನೋಡುತ್ತಾರೆ.

ಇನ್ನೂ ಹೊಟ್ಟೆ ಉರಿಯುವ ವಿಷಯ ಕೇಳಿ. ಇವನದು ಸಿಜೆ-3ಬಿ ಮಾದರಿಯ ಜೀಪು. ಹಿಂದೆ ಇದ್ದದ್ದು ಡಾನಾ 44 ವಂಶದ ಆಕ್ಸಲ್. ಅಮೆರಿಕದವರು ಡಾನಾ 35 ಕಿತ್ತು ಹಾಕಿಸಿಕೊಳ್ಳಲು ಆಸೆಪಡುವುದು ಆ 44ರ ಮನೆತನದ್ದನ್ನೇ! ‘ಮತ್ತೇಕೆ ಕಿತ್ತೆ’ ಎಂದರೆ, ‘ಎಂಜಿನ್ ಓಡುತ್ತಿತ್ತು, ಚಕ್ರ ತಿರುಗುತ್ತಿರಲಿಲ್ಲ’ ಎಂದ. ಫೋಟೊ ತೋರಿಸಿದ. ಆಕ್ಸಲ್ ಒಳಗಿನ ಶಾಫ್ಟ್ ಸೀಳಿರಲಿಲ್ಲ, ಬಾಗಿರಲಿಲ್ಲ. ತುದಿಯಲ್ಲಿ, ಚಕ್ರ ಹಿಡಿಯುವ ಹಬ್ ಕೂರುವ ಕಡೆ, ಎರಡನ್ನೂ ಕಚ್ಚಿ ಹಿಡಿಯುವ ಕಿರುಬೆರಳಿನಷ್ಟು ಉದ್ದದ ಕಬ್ಬಿಣದ ಚೂರು, ಅದೇ ಕೀ, ಕತ್ತರಿಸಿ ಹೋಗಿತ್ತು. ಹಬ್ ನಟ್ ಸಡಿಲವಾದರೆ ಭಾರವೆಲ್ಲ ಆ ಚೂರಿನ ಮೇಲೆಯೇ. ಹೊಸ ಕೀ ಹಾಕಿ, ಉದ್ದ ಪೈಪು ಸಿಕ್ಕಿಸಿ ನಟ್ ಬಿಗಿದು, ಪಿನ್ ಹಾಕಿದ್ದರೆ ಮುಗಿದಿತ್ತು. ಹಲ್ಲುನೋವಿಗೆ ದವಡೆಯನ್ನೇ ಬದಲಿಸಿದ್ದಾರೆ.

ಇಷ್ಟು ಬೈಯಲು ನನಗೇನು ಯೋಗ್ಯತೆ ಎಂದು ಹಳೆಯ ಸ್ನೇಹಿತರು ನಗುತ್ತಿರಬಹುದು. ಹೇಳಿಬಿಡುತ್ತೇನೆ. 2011ರಲ್ಲಿ ನಾನೂ ಇದನ್ನೇ ಮಾಡಿದವನು. ರೇಷಿಯೋ ಎಣಿಸಿದ್ದೆ, ಆ ಜಂಬ ಇತ್ತು. ಆದರೆ ಕಮಾನು ಪಟ್ಟಿ ಕೂರುವ ಪೀಠವನ್ನು ಕಣ್ಣಳತೆಯಲ್ಲಿ ವೆಲ್ಡ್ ಮಾಡಿಸಿದೆ, ಶಾಫ್ಟ್ ಬಂದು ಸೇರುವ ಪಿನಿಯನ್‌ನ ಮೂತಿ ನೆಲ ನೋಡುತ್ತಿತ್ತು. ಹಿರಿಯೂರಿನ ದಾರಿಯಲ್ಲಿ ಶಾಫ್ಟಿನ ಕೀಲಾದ ಕ್ರಾಸ್ ಮುರಿದು ಶಾಫ್ಟ್ ಕಾಲಡಿಯ ತಗಡಿಗೆ ಬಡಿಯತೊಡಗಿತು. ಪಕ್ಕದಲ್ಲಿ ಅಪ್ಪ ಇದ್ದರು. ಒಂದು ಮಾತೂ ಆಡದೆ ಇಳಿದು, ಹುಣಸೆ ಮರದ ಕೆಳಗೆ ಕೂತು ಬೀಡಿ ಹಚ್ಚಿದರು. ಎರಡು ವರ್ಷ ಎಲ್ಲರ ಮುಂದೆ ಆ ಕ್ರಾಸ್ ಕಳಪೆ ಎಂದೇ ಹೇಳಿಕೊಂಡು ತಿರುಗಿದೆ.

ಹುಡುಗನ ಹಳೆಯ ಆಕ್ಸಲ್ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗಿದೆ. ಭಾನುವಾರ ಇಬ್ಬರೂ ಹುಡುಕಲು ಹೊರಡುತ್ತಿದ್ದೇವೆ. ದುರ್ಗದಲ್ಲಾಗಲಿ ದಾವಣಗೆರೆಯಲ್ಲಾಗಲಿ ಯಾರ ಕಣ್ಣಿಗಾದರೂ ಬಿದ್ದರೆ ತಿಳಿಸಿ. ಗುರುತು: ಎಡಗಡೆಯ ಹಬ್ಬಿನಲ್ಲಿ ಕೀ ಇಲ್ಲ.