ಒಲೆ ಹತ್ತಿರ ಹೋಗಬೇಡ ಅಂದರೆ ಮುಗಿಯಿತೇ?

ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಆರು, ಏಳನೇ ಕ್ಲಾಸಿನ ಮಕ್ಕಳು ಆಗಲೇ ಒಲೆ ಹಚ್ಚುತ್ತಿದ್ದಾರೆ. ಅವರಿಗೆ ನಾವು ಹೇಳಿಕೊಟ್ಟಿರುವುದು ಮಾತ್ರ 'ಮುಟ್ಟಬೇಡ' ಅನ್ನುವ ಒಂದೇ ಮಾತು. ಬಾಣಲೆಗೆ ಬೆಂಕಿ ಹತ್ತಿದಾಗ ಆ ಮಾತಿನಿಂದ ಏನು ಪ್ರಯೋಜನ? ಅಡುಗೆಮನೆ ಪಾಠ ಶಾಲೆಯಲ್ಲೇ ಆಗಬೇಕು, ಗಂಡು ಹುಡುಗರಿಗೂ ಸೇರಿಸಿ.

ಮೊದಲ ಪಾಠಕ್ಕೆ ಒಲೆಯೇ ಬೇಡ, ತಣ್ಣಗಿನ ಕುಕ್ಕರ್ ಸಾಕು. ಮುಚ್ಚಳ ಬೆಳಕಿಗೆ ಹಿಡಿದು, ವೆಯ್ಟ್ ಕೂರುವ ನಳಿಗೆಯ ತೂತಿನಲ್ಲಿ ನೋಡಲಿ. ಬೆಳಕು ಕಾಣದಿದ್ದರೆ ಒಣಗಿದ ಬೇಳೆ ಕಟ್ಟಿಕೊಂಡಿದೆ ಅಂತ ಅರ್ಥ. ಹಬೆಗೆ ದಾರಿ ಇಲ್ಲದೆ ಸೇಫ್ಟಿ ವಾಲ್ವ್ ಹಾರುವುದು ಹೀಗೆಯೇ. ಬೇಳೆ ನೊರೆ ಬರುವುದರಿಂದ ನೀರೂ ಸೇರಿ ಅರ್ಧ ಕುಕ್ಕರ್ ಮೀರಬಾರದು. ಅವಸರಕ್ಕೆ ಸೌಟಿನಿಂದ ವೆಯ್ಟ್ ಎತ್ತುವ ನಮ್ಮ ದೊಡ್ಡವರ ಚಾಳಿ ಮಕ್ಕಳಿಗೆ ಬರುವುದೇ ಬೇಡ. ಒಳಗೆ ಸುಮಾರು 120 ಡಿಗ್ರಿಯಲ್ಲಿರುವ ಬೇಳೆಕಟ್ಟು ಹಬೆಯ ಜೊತೆ ಮುಖಕ್ಕೇ ಚಿಮ್ಮಬಹುದು.

ಎಣ್ಣೆಗೆ ಬೆಂಕಿ ಹತ್ತಿದರೆ ಕೈ ತಾನಾಗಿ ನೀರಿನ ಚೊಂಬಿಗೆ ಹೋಗುತ್ತದೆ. ನೀರು ಎಣ್ಣೆಗಿಂತ ಭಾರ. ತಳಕ್ಕಿಳಿದು ತಕ್ಷಣ ಹಬೆಯಾಗಿ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎರಚುತ್ತದೆ. ಮಾಡಬೇಕಾದ್ದು ಇಷ್ಟೇ: ಗ್ಯಾಸ್ ಆಫ್ ಮಾಡಿ, ದೊಡ್ಡ ಸ್ಟೀಲ್ ತಟ್ಟೆಯನ್ನು ಪಕ್ಕದಿಂದ ಜಾರಿಸಿ ಮುಚ್ಚುವುದು. ಬಾಣಲೆ ಎತ್ತಬಾರದು, ಅದು ಪೂರ್ತಿ ತಣ್ಣಗಾಗುವವರೆಗೆ ತಟ್ಟೆ ತೆಗೆಯಬಾರದು. ಬೆಂಕಿ ದೊಡ್ಡದಾಗಿದ್ದರೆ ಹತ್ತಿರ ಹೋಗದೆ ಹೊರಗೆ ಓಡಿ ದೊಡ್ಡವರನ್ನು ಕರೆಯಬೇಕು. ಖಾಲಿ ಬಾಣಲೆಯಲ್ಲಿ ಪ್ರತಿ ಮಗುವೂ ನಾಲ್ಕು ಸಲ ಮಾಡಿ ನೋಡಬೇಕು. ಬಾಯಿಪಾಠದಿಂದ ಕೈಗೆ ಅಭ್ಯಾಸ ಬರಲ್ಲ.

ಗ್ಯಾಸ್ ವಾಸನೆ ಬಂದರೆ ಸ್ವಿಚ್ ಹಾಕುವುದೂ ಇಲ್ಲ, ಆರಿಸುವುದೂ ಇಲ್ಲ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್. ಸುಟ್ಟ ಗಾಯಕ್ಕೆ 20 ನಿಮಿಷ ನಲ್ಲಿ ನೀರು. ಟೂತ್‌ಪೇಸ್ಟ್ ಬೇಡ, ಐಸೂ ಬೇಡ.

ಶುಚಿತ್ವದ ಪಾಠಕ್ಕೆ ಅರಿಶಿನಕ್ಕಿಂತ ಒಳ್ಳೆ ಮೇಷ್ಟ್ರಿಲ್ಲ. ಕೈಗೆ ತೆಳ್ಳಗೆ ಅರಿಶಿನ ಕಲಸಿ ಹಚ್ಚಿ, ಬಾರ್ ಸೋಪಿನಲ್ಲಿ ಎಂದಿನಂತೆ ಉಜ್ಜಲು ಹೇಳಿ. ತೊಳೆಯುವ ಮೊದಲು ಕೈ ನೋಡಲಿ. ಸೋಪು ಪ್ರತ್ಯಾಮ್ಲವಾದ್ದರಿಂದ ಅದು ತಾಗಿದ ಕಡೆ ಅರಿಶಿನ ಕೆಂಪಾಗಿರುತ್ತದೆ, ತಪ್ಪಿದ ಕಡೆ ಹಳದಿ ಹಾಗೇ ಇರುತ್ತದೆ. ಸಾಮಾನ್ಯವಾಗಿ ಹೆಬ್ಬೆರಳಿನ ಬುಡ, ಬೆರಳ ಸಂದಿ, ಉಗುರಿನ ಅಂಚು. ಆಮ್ಲ-ಪ್ರತ್ಯಾಮ್ಲದ ಪಾಠವೂ ಅಲ್ಲೇ ಆಗಿಹೋಯಿತು.

ಇನ್ನು ಮಧ್ಯಾಹ್ನದ ಅನ್ನ. ರಾತ್ರಿವರೆಗೆ ಪಾತ್ರೆಯಲ್ಲೇ ಬಿಟ್ಟು, ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೆ ಸರಿಹೋಗುತ್ತದೆ ಅನ್ನುವುದು ತಪ್ಪು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಕುದ್ದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಬೆಳೆದು ಅವು ಬಿಡುವ ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಹಾಕಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಆ ಹೊತ್ತಿಗೆ ಬೇಕಾದಷ್ಟೇ ಅಕ್ಕಿ ಅಳೆದು ಹಾಕುವುದನ್ನು ಮಗು ಕಲಿಯಲಿ.

ಮಸಿಬಟ್ಟೆಯದ್ದೂ ಒಂದು ಮಾತು. ಒದ್ದೆ ಮಸಿಬಟ್ಟೆಯಲ್ಲಿ ಬಿಸಿ ಪಾತ್ರೆ ಹಿಡಿದರೆ ನೀರಿನ ಮೂಲಕ ಶಾಖ ಸರ್ರನೆ ಕೈಗೆ ಬರುತ್ತದೆ, ಪಾತ್ರೆ ಕಾಲ ಮೇಲೆ ಬೀಳುತ್ತದೆ. ಇಕ್ಕಳ ಬಳಸಲಿ, ಅದೂ ಮಗುವಿನ ಕೈ ಅಳತೆಗೆ ಸರಿಯಾಗಿ ಬಿಗಿಯುವಂಥದ್ದು.