ಕೊಲೆಗಾರ ಯಾರು ಅಂತ ದನಿಯೇ ಹೇಳಿಬಿಟ್ಟಿತು

ಹೋದ ತಿಂಗಳು ಒಂದು ರಾತ್ರಿ ಪಾತ್ರೆ ತೊಳೆಯುತ್ತಾ ಪತ್ತೇದಾರಿ ಕಾದಂಬರಿಯೊಂದನ್ನು ಕೇಳುತ್ತಿದ್ದೆ. ಹನ್ನೊಂದು ಗಂಟೆಯ ಆಡಿಯೋಬುಕ್. ಎರಡನೇ ಅಧ್ಯಾಯದಲ್ಲಿ, ಮುಂದೆ ಕೊಲೆಯಾಗಲಿರುವ ಯಜಮಾನರ ಅಳಿಯ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಅವನು ಆಡುವುದು ಎರಡೇ ಪದ: "ಮಾವ ಮಲಗಿದ್ರಾ?"

ಅಷ್ಟೇ. ಆದರೆ ಓದುತ್ತಿದ್ದವರು ಅಷ್ಟಕ್ಕೇ ದನಿ ತಗ್ಗಿಸಿದರು. 'ಮಲಗಿದ್ರಾ' ಅನ್ನುವುದನ್ನು ಎಳೆದರು. ಕೊನೆಗೆ ಮೂಗಿನಲ್ಲೇ ಸಣ್ಣಗೆ ನಕ್ಕರು. ನಾನು ಸೋಪು ಹಚ್ಚಿದ ತಟ್ಟೆ ಹಿಡಿದುಕೊಂಡು ಹಾಗೇ ನಿಂತೆ. ಓಹೋ, ಇವನೇನಾ!

ಇನ್ನೂ ಹತ್ತು ಗಂಟೆ ಬಾಕಿ ಇತ್ತು. ಇರಲಿ, ನನ್ನ ಅನುಮಾನ ಸುಳ್ಳಾಗಬಹುದು ಅಂತ ನಾಲ್ಕೈದು ದಿನ ಬಿಡದೆ ಕೇಳಿದೆ. ಸುಳ್ಳಾಗಲಿಲ್ಲ. ಅವನೇ.

ಬರೆದವರು ಪುಟಗಟ್ಟಲೆ ಜೋಪಾನ ಮಾಡಿದ ಗುಟ್ಟನ್ನು ಓದಿದವರು ಎರಡು ಪದದಲ್ಲಿ ಬಿಟ್ಟುಕೊಟ್ಟಿದ್ದರು. ತಮಾಷೆ ಏನೆಂದರೆ, ಅವರು ಇದನ್ನು ಸೋಮಾರಿತನದಿಂದ ಮಾಡಿದ್ದಲ್ಲ. ಶ್ರದ್ಧೆ ಜಾಸ್ತಿಯಾಗಿಯೇ ಮಾಡಿದ್ದು. ಕಥೆಯನ್ನು ಮೊದಲೇ ಪೂರ್ತಿ ಓದಿದ್ದಾರೆ, ಯಾರು ಎಂಥವರು ಅಂತ ತಿಳಿದುಕೊಂಡಿದ್ದಾರೆ. ತಿಳಿದಿದ್ದನ್ನು ಮರೆತಂತೆ ಓದುವುದು ಮಾತ್ರ ಅವರಿಂದ ಆಗಿಲ್ಲ.

ಮೊದಲೇ ಓದದೆ ಮೈಕಿನ ಮುಂದೆ ಕೂತವರ ಕಥೆ ಬೇರೆ. ಅವರು ಸಿಕ್ಕಿಬೀಳುವುದು ಇಂಥ ಕಡೆ: "ಬಾಗಿಲು ತೆಗೀಬೇಡ ಎಂದು ಅವಳು ಪಿಸುಗುಟ್ಟಿದಳು." 'ಬಾಗಿಲು ತೆಗೀಬೇಡ' ಅನ್ನುವುದನ್ನು ಗಟ್ಟಿಯಾಗಿ ಕೂಗಿ ಆಗಿರುತ್ತದೆ. ಆಮೇಲೆ 'ಪಿಸುಗುಟ್ಟಿದಳು' ಬರುತ್ತದೆ. ಕನ್ನಡದಲ್ಲಂತೂ ಕ್ರಿಯಾಪದ ಕೊನೆಯಲ್ಲಿ ಕೂತು ಕಾಯುತ್ತಿರುತ್ತದೆ. ಹೇಳಿದನೋ, ಗದರಿದನೋ, ಬಿಕ್ಕಿದನೋ ಅಂತ ಗೊತ್ತಾಗುವುದು ಎಲ್ಲ ಮುಗಿದ ಮೇಲೆಯೇ. ಹಾಗಾಗಿ ಇಲ್ಲಿ ಜೋರಾಗಿ ಓದುವವರ ಕಣ್ಣು ಬಾಯಿಗಿಂತ ಒಂದು ಸಾಲು ಮುಂದೆ ಓಡುತ್ತಿರಬೇಕು. ಒಬ್ಬರು ಹೀಗೆ ಎಡವಿ, ಮರುಕ್ಷಣವೇ 'ಪಿಸುಗುಟ್ಟಿದಳು' ಅನ್ನುವ ಪದವನ್ನು ಮಾತ್ರ ಪಿಸುಗುಟ್ಟಿದ್ದರು. ಅವತ್ತು ಒಬ್ಬಳೇ ನಕ್ಕಿದ್ದು ಇನ್ನೂ ನೆನಪಿದೆ.

ನಾನು ಆರೇಳು ವರ್ಷದಿಂದ ದಿನಕ್ಕೆ ಒಂದು ಗಂಟೆಯಾದರೂ ಕಥೆ ಕೇಳುವವಳು. ಕಥೆ ಸಾಧಾರಣ ಇದ್ದರೂ ದನಿಗಾಗಿ ಕೊನೆತನಕ ಹೋಗಿದ್ದೇನೆ. ದನಿ ಸರಿ ಹೋಗದೆ ಒಳ್ಳೆ ಕಾದಂಬರಿಯನ್ನು ಇಪ್ಪತ್ತು ನಿಮಿಷಕ್ಕೆ ಬಿಟ್ಟಿದ್ದೂ ಇದೆ. ಇಷ್ಟು ಕೇಳಿದ ಮೇಲೆ ನನಗೆ ಖಚಿತವಾಗಿರುವುದು ಒಂದೇ. ಒಳ್ಳೆಯ ವಾಚಕರು ಒಬ್ಬರಿಗೆ ಓದುತ್ತಾರೆ. ಉಳಿದವರು ಸಭೆಗೆ ಓದುತ್ತಾರೆ.

ಸಭೆಗೆ ಓದುವ ದನಿ ನಿಮಗೂ ಗೊತ್ತಿರುತ್ತದೆ. ಪ್ರತಿ ವಾಕ್ಯವೂ ಗತ್ತಿನಿಂದ ಶುರುವಾಗುತ್ತದೆ. ಮಳೆ ಬಂದರೂ ಅದೇ ಗಾಂಭೀರ್ಯ, ಚಪ್ಪಲಿ ಕಳೆದರೂ ಅದೇ ಗಾಂಭೀರ್ಯ. ಒಂದು ಕಾಲದಲ್ಲಿ ಅದಕ್ಕೆ ಕಾರಣವಿತ್ತು. 1877ರಲ್ಲಿ ಎಡಿಸನ್ ದನಿ ಮುದ್ರಿಸುವ ಯಂತ್ರ ಫೋನೋಗ್ರಾಫ್ ಮಾಡಿದರು. ಮರುವರ್ಷ ಅವರು ಕೊಟ್ಟ ಅದರ ಉಪಯೋಗಗಳ ಪಟ್ಟಿಯಲ್ಲಿ ಕಣ್ಣು ಕಾಣದವರಿಗೆ ಮಾತಾಡುವ ಪುಸ್ತಕಗಳೂ ಇದ್ದವು. ಆದರೆ ಆ ಯಂತ್ರದ ಕೊಳವೆಗೆ ಬಾಯಿ ಹತ್ತಿರ ಇಟ್ಟು ಗಟ್ಟಿಯಾಗಿ ಹೇಳಿದರೆ ಮಾತ್ರ ಅಚ್ಚಾಗುತ್ತಿತ್ತು. ಅದೂ ಕೆಲವೇ ನಿಮಿಷ. ಕಾದಂಬರಿ ಎಲ್ಲಿಂದ ಹಿಡಿಸಬೇಕು?

ಅದು ನಿಜವಾಗಿದ್ದು 1930ರ ದಶಕದಲ್ಲಿ. ಅಮೆರಿಕದಲ್ಲಿ, ಆಮೇಲೆ 1935ರಲ್ಲಿ ಬ್ರಿಟನ್ನಿನಲ್ಲಿ, ಕಣ್ಣು ಕಾಣದವರಿಗಾಗಿಯೇ ನಿಧಾನಕ್ಕೆ ತಿರುಗುವ ದೊಡ್ಡ ಗ್ರಾಮಫೋನ್ ತಟ್ಟೆಗಳಲ್ಲಿ ಇಡೀ ಪುಸ್ತಕಗಳನ್ನು ಓದಿಸಿ ಕಳಿಸಿದರು. ಒಂದು ಬದಿಗೆ ಅಮೆರಿಕದಲ್ಲಿ ಸುಮಾರು ಕಾಲು ಗಂಟೆ, ಬ್ರಿಟನ್ನಿನಲ್ಲಿ ಸುಮಾರು ಇಪ್ಪತ್ತೈದು ನಿಮಿಷ. ಒಂದು ಕಾದಂಬರಿಗೆ ತಟ್ಟೆಗಳ ಒಂದು ಹೊರೆಯೇ ಬೇಕಿತ್ತು. ಮೊದಲ ವಿಶ್ವಯುದ್ಧದಲ್ಲಿ ಕಣ್ಣು ಕಳೆದುಕೊಂಡು ಬಂದ ಸೈನಿಕರೂ ಆ ಮೊದಲ ಕೇಳುಗರಲ್ಲಿ ಇದ್ದರು. ನನಗೆ ಇದರಲ್ಲಿ ತುಂಬಾ ಇಷ್ಟವಾದ ವಿಷಯ ಬೇರೆ. ನಾಟಕ ಮಾಡಬೇಡಿ, ಸುಮ್ನೆ ಓದಿ, ಉಳಿದಿದ್ದನ್ನು ನಾವೇ ಕಲ್ಪಿಸಿಕೊಳ್ಳುತ್ತೇವೆ ಅನ್ನುವ ಕೇಳುಗರು ಆಗಲೇ ಇದ್ದರು. ತೊಂಬತ್ತು ವರ್ಷದ ಹಳೆಯ ಜಗಳ ಇದು. ನಾನು ಅವರ ಪಕ್ಷ.

ಈಗ ಮೈಕು ಉಸಿರನ್ನೂ ಹಿಡಿಯುತ್ತದೆ. ಕೇಳುವವರ ಕಿವಿಯಲ್ಲಿ ಇಯರ್‌ಫೋನ್ ಇದೆ. ಓದುವವರ ಬಾಯಿಗೂ ನನ್ನ ಕಿವಿಗೂ ನಡುವೆ ಜಾಗವೇ ಇಲ್ಲ. ಅಷ್ಟು ಹತ್ತಿರ ಕೂತು ಯಾರಾದರೂ ಭಾಷಣ ಮಾಡುತ್ತಾರಾ?

ಒಂದು ಉದಾಹರಣೆ ಹೇಳುತ್ತೇನೆ. ಒಂದು ಕಥೆಯಲ್ಲಿ ಹೀಗೆ ಮೂರು ವಾಕ್ಯ ಬರುತ್ತವೆ: "ಅವನು ಕಾಗದ ಓದಿದ. ಮಡಚಿದ. ಜೇಬಿಗೆ ಹಾಕಿಕೊಂಡ." ಇದೇ ಕಥೆಯನ್ನು ಇಬ್ಬರು ಬೇರೆ ಬೇರೆ ಕಡೆ ಓದಿದ್ದಾರೆ. ಮೊದಲನೆಯವರು ಮೂರನ್ನೂ ಒಂದೇ ಉಸಿರಿನಲ್ಲಿ ಮುಗಿಸಿದರು. ಕರೆಂಟ್ ಬಿಲ್ ಇರಬೇಕು ಅನ್ನಿಸಿತು. ಎರಡನೆಯವರು 'ಓದಿದ' ಅಂದ ಮೇಲೆ ನಿಂತರು. ಎಷ್ಟು? ಒಂದೂವರೆ ಸೆಕೆಂಡ್ ಇರಬಹುದು. 'ಮಡಚಿದ' ಅನ್ನುವಾಗ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. ಬರೀ ಸ್ವಲ್ಪ ನಿಧಾನವಾಯಿತು. ಕೈ ನಿಜವಾಗಲೂ ಕಾಗದ ಮಡಚಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೋ ಅಷ್ಟು. ನಾನು ಹಿಂದಕ್ಕೆ ಹೋಗಿ ಮೂರು ಸಲ ಕೇಳಿದೆ. ಕಾಗದದಲ್ಲಿ ಏನಿತ್ತು ಅಂತ ಕಥೆ ಇನ್ನೂ ಹೇಳಿರಲಿಲ್ಲ. ನನಗೆ ಮಾತ್ರ ಹೊಟ್ಟೆಯಲ್ಲಿ ಏನೋ ಆಗಿಬಿಟ್ಟಿತ್ತು.

ಇದಕ್ಕೇ ನನಗೆ ಆಪ್‌ಗಳಲ್ಲಿರುವ 'ಮೌನ ಕತ್ತರಿಸು' ಅನ್ನುವ ಸೌಲಭ್ಯ ಕಂಡರೆ ಆಗುವುದಿಲ್ಲ. ಸುದ್ದಿಗೋ ಪಾಡ್‌ಕಾಸ್ಟ್‌ಗೋ ಬೇಕಾದರೆ ಇಟ್ಟುಕೊಳ್ಳಿ. ಕಥೆಯಲ್ಲಿ ಅದು ಆ ಒಂದೂವರೆ ಸೆಕೆಂಡನ್ನೇ ಹುಡುಕಿ ತಿಂದುಹಾಕುತ್ತದೆ. ವೇಗ ಹೆಚ್ಚಿಸುವುದರ ಬಗ್ಗೆ ನನಗೆ ಅಷ್ಟು ಕೋಪವಿಲ್ಲ. ಈಗಿನ ತಂತ್ರಾಂಶ ವೇಗ ಏರಿಸಿದರೂ ದನಿಯನ್ನು ಕೀಚಲು ಮಾಡುವುದಿಲ್ಲ. ನಾನೂ 1.2ರಲ್ಲಿ ಕೇಳುವುದುಂಟು, ಅದೂ ತೀರಾ ಎಳೆಯುವವರು ಸಿಕ್ಕಾಗ. ಎರಡು ಪಟ್ಟು ವೇಗದಲ್ಲಿ ಕಾದಂಬರಿ ಕೇಳಿ ವರ್ಷಕ್ಕೆ ಇಷ್ಟು ಮುಗಿಸಿದೆ ಅಂತ ಲೆಕ್ಕ ಹಾಕುವವರ ಜೊತೆ ವಾದ ಮಾಡುವುದಿಲ್ಲ. ಅವರ ಕಿವಿ, ಅವರ ಇಷ್ಟ. ಕಣ್ಣು ಕಾಣದ ಎಷ್ಟೋ ಜನ ಅದಕ್ಕಿಂತ ಜಾಸ್ತಿ ವೇಗದಲ್ಲೂ ಸಲೀಸಾಗಿ ಕೇಳುತ್ತಾರೆ. ಅದು ವರ್ಷಗಳ ಅಭ್ಯಾಸ, ಅವರ ಮಾತೇ ಬೇರೆ.

ಗಂಡಸರು ಹೆಣ್ಣು ಪಾತ್ರಗಳನ್ನು ಓದುವ ರೀತಿಯ ಬಗ್ಗೆ ಒಂದು ದೂರು ಇದೆ, ಹೇಳಲೇಬೇಕು. ಯಾಕೆ ಎಲ್ಲ ಹೆಂಗಸರೂ ಕೀಚಲು ದನಿಯಲ್ಲಿ ಮಾತಾಡಬೇಕು? ನಲವತ್ತು ವರ್ಷದ ನ್ಯಾಯಾಧೀಶೆ ಬಾಯಿ ತೆರೆದರೆ ಗೊಂಬೆ ಮಾತಾಡಿದಂತೆ ಕೇಳುತ್ತದೆ. ಹೆಂಗಸರು ಓದುವಾಗ ಗಂಡಸರೆಲ್ಲ ಗಂಟಲು ಕಟ್ಟಿದವರಂತೆ ಗೊಗ್ಗರು ದನಿಯಾಗುವುದೂ ಇದೆ, ಆದರೆ ಕಮ್ಮಿ. ಬಲ್ಲವರು ಶ್ರುತಿ ಬದಲಿಸುವುದಿಲ್ಲ, ನಡಿಗೆ ಬದಲಿಸುತ್ತಾರೆ. ಒಬ್ಬಳು ಮಾತನ್ನು ಕಡಿದು ಕಡಿದು ಆಡುತ್ತಾಳೆ. ಇನ್ನೊಬ್ಬಳು ವಾಕ್ಯದ ಕೊನೆಯನ್ನು ನುಂಗುತ್ತಾಳೆ. ಅಷ್ಟು ಸಾಕು. ಎರಡನೇ ಪುಟಕ್ಕೆ 'ಎಂದಳು' ಅಂತ ಹೇಳದಿದ್ದರೂ ಯಾರ ಮಾತು ಅಂತ ಗೊತ್ತಾಗುತ್ತದೆ.

ಇಷ್ಟೆಲ್ಲ ಗೊಣಗಿದ್ದರೂ ಈ ಕೆಲಸ ಎಷ್ಟು ಕಷ್ಟದ್ದು ಅಂತ ನನಗೆ ತಿಳಿಯದೆ ಇಲ್ಲ. ಒಂದು ಸಲ ಆಸೆಗೆ ನಾನೇ ಫೋನಿನಲ್ಲಿ ಒಂದು ಸಣ್ಣ ಕಥೆ ಓದಿ ರೆಕಾರ್ಡ್ ಮಾಡಿದೆ. ಹತ್ತು ನಿಮಿಷದ ಕಥೆಗೆ ಒಂದು ಸಂಜೆ ಹೋಯಿತು. ಫ್ಯಾನ್ ಆಫ್ ಮಾಡಬೇಕು. ಹಾಕಿದ ಬಟ್ಟೆ ಸರಸರ ಅನ್ನಬಾರದು. ಹೊಟ್ಟೆ ಗುರ್ ಅಂದರೂ ಬಂದುಬಿಡುತ್ತದೆ. ಎಲ್ಲಕ್ಕಿಂತ ಕಾಟ ಬಾಯಿಯದ್ದು: ತುಟಿ ಬಿಚ್ಚಿದಾಗ, ನಾಲಿಗೆ ಎತ್ತಿದಾಗ ಚಿಟ್ ಚಿಟ್ ಅಂತ ಸಣ್ಣ ಸದ್ದು. ವೃತ್ತಿಯವರು ಇದಕ್ಕೆ ಪದೇ ಪದೇ ನೀರು ಕುಡಿಯುತ್ತಾರೆ. ಹುಳಿ ಇರುವ ಹಸಿರು ಸೇಬಿನ ಹೋಳು ಪಕ್ಕದಲ್ಲಿ ಇಟ್ಟುಕೊಳ್ಳುವವರೂ ಇದ್ದಾರೆ. ಕೇಳುವ ಒಂದು ಗಂಟೆಯ ಹಿಂದೆ ಓದು, ತಿದ್ದುವುದು, ಮತ್ತೆ ಕೇಳಿ ಪರೀಕ್ಷಿಸುವುದು ಅಂತ ಹಲವಾರು ಗಂಟೆಯ ದುಡಿಮೆ ಇರುತ್ತದೆ.

ತಪ್ಪಾದ ಸಾಲುಗಳನ್ನು ಎಷ್ಟೋ ಸಲ ಬೇರೆ ದಿನ ಓದಿ ಅಂಟಿಸುತ್ತಾರೆ. ಒಮ್ಮೆ ಗಮನಿಸಿದರೆ ಆಮೇಲೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅಧ್ಯಾಯದ ನಡುವೆ ಇದ್ದಕ್ಕಿದ್ದಂತೆ ಒಂದೇ ವಾಕ್ಯಕ್ಕೆ ದನಿ ಫ್ರೆಶ್ ಆಗುತ್ತದೆ, ಆ ಕಡೆ ಈ ಕಡೆ ಮತ್ತೆ ದಣಿದ ದನಿ. ಯಾರೋ ಪಕ್ಕದ ಕೋಣೆಯಿಂದ ಬಂದು ಒಂದು ಸಾಲು ಹೇಳಿ ಹೋದ ಹಾಗೆ. ನನಗೆ ಅದು ದೋಷ ಅಂತ ಅನ್ನಿಸುವುದೇ ಇಲ್ಲ, ಒಂಥರಾ ಖುಷಿ.

ಬರೆದವರೇ ಓದಿದರೆ ಚೆನ್ನಾಗಿರುತ್ತದೆ ಅನ್ನುವ ನಂಬಿಕೆ ಅರ್ಧ ನಿಜ. ಆತ್ಮಕಥೆ ಆದರೆ ಅವರೇ ಓದಲಿ. ತಡವರಿಸಿದರೂ ಆ ತಡವರಿಕೆ ಅವರದ್ದೇ. ಕಾದಂಬರಿ ಮಾತ್ರ ಬೇಡ. ತಮಗೆ ಇಷ್ಟವಾದ ಸಾಲು ಬಂದಾಗ ಬರೆದವರ ದನಿಗೆ ಗೊತ್ತಾಗಿಬಿಡುತ್ತದೆ. ಹಿನ್ನೆಲೆ ಸಂಗೀತ ಹಾಕುವವರ ಬಗ್ಗೆ ಒಂದೇ ಮಾತು: ದಯವಿಟ್ಟು ಬೇಡ.

ಹವ್ಯಾಸಿಗಳು ಓದಿದ್ದನ್ನು ಕೇಳಿದ್ದೀರಾ? 2005ರಲ್ಲಿ ಶುರುವಾದ ಲಿಬ್ರಿವಾಕ್ಸ್‌ನಲ್ಲಿ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಎಲ್ಲರಿಗೂ ಉಚಿತವಾಗಿ ಬಿಡುತ್ತಾರೆ. ಒಂದು ಅಧ್ಯಾಯ ಒಬ್ಬರದು, ಮುಂದಿನದು ಇನ್ನೊಬ್ಬರದು ಆಗಿರುವುದೂ ಉಂಟು. ಒಂದು ದನಿಗೆ ಒಗ್ಗಿಕೊಳ್ಳುವಷ್ಟರಲ್ಲಿ ಬದಲಾಗುತ್ತದೆ, ನಿಜ. ಆದರೆ ಅಲ್ಲಿ ನಾನು ಕೇಳಿದ ಕೆಲವರು ಮನೆಯ ಮೂಲೆಯಲ್ಲಿ ಕೂತು, ಕಥೆ ಇಷ್ಟ ಅನ್ನುವ ಒಂದೇ ಕಾರಣಕ್ಕೆ ಓದಿದವರು. ಒಬ್ಬರಿಗೆ ಓದುವುದು ಅಂದೆನಲ್ಲ, ಅದು ಅವರಿಗೆ ಯಾರೂ ಹೇಳಿಕೊಡದೆಯೇ ಬಂದಿರುತ್ತದೆ.

ಯಂತ್ರದ ದನಿ ಈಗ ಎಲ್ಲ ಕಡೆ ಬರುತ್ತಿದೆ. ಉಚ್ಚಾರ ಎಷ್ಟೋ ಸುಧಾರಿಸಿದೆ, ಸುಳ್ಳು ಹೇಳಬಾರದು. ಯಾರೂ ಎಂದೂ ಓದಿಸಲಾರದ ಪುಸ್ತಕಗಳು ಹಾಗಾದರೂ ಕಿವಿಗೆ ಬಿದ್ದರೆ ಒಳ್ಳೆಯದೇ. ಕಣ್ಣಿಲ್ಲದವರಿಗೆ ಅದು ದೊಡ್ಡ ಅನುಕೂಲ. ನನ್ನ ಕಷ್ಟ ಇಷ್ಟೇ: ಅರ್ಧ ಗಂಟೆ ಕೇಳಿದ ಮೇಲೆ ನಾನು ಏನೂ ಕೇಳುತ್ತಿಲ್ಲ ಅಂತ ಗೊತ್ತಾಗುತ್ತದೆ. 'ಮಡಚಿದ' ಅನ್ನುವುದು ಅದಕ್ಕೆ ಒಂದು ಪದ. ಅದರಿಂದ ಯಾವ ಕಾಗದವೂ ಮಡಚಿಕೊಳ್ಳುವುದಿಲ್ಲ.

ಕೇಳಿದ್ದು ಓದಿದ್ದಕ್ಕೆ ಸಮ ಆಗುತ್ತಾ ಅಂತ ಕಾಮೆಂಟಿನಲ್ಲಿ ಜಗಳ ತೆಗೆಯುವವರಿಗೆ ಮೊದಲೇ ಹೇಳಿಬಿಡುತ್ತೇನೆ. 2016ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಓದಿದವರಿಗೂ ಕೇಳಿದವರಿಗೂ ಅರ್ಥವಾಗಿದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮುಂದಕ್ಕೆ ಹೋಗೋಣ.

ಆ ಅಳಿಯನ ಕಥೆ ಓದಿದವರನ್ನು ಇನ್ನು ಜನ್ಮದಲ್ಲಿ ಕೇಳುವುದಿಲ್ಲ ಅಂತ ತೀರ್ಮಾನ ಮಾಡಿದ್ದೆ. ಹೋದ ವಾರ ಹೆಸರು ನೋಡದೆ ಒಂದು ಪುಸ್ತಕ ಶುರು ಮಾಡಿದೆ. ಒಂಟಿ ಮುದುಕ, ಊರು ಬಿಟ್ಟು ಹೋದ ಮಗಳು, ಅಷ್ಟೇ ಕಥೆ. ಮುಚ್ಚಿಡಲು ಒಂದು ಗುಟ್ಟೂ ಇಲ್ಲ. ಒಂದು ಕಡೆ ಫೋನ್ ಬರುತ್ತದೆ. ಮುದುಕ ಎತ್ತಿಕೊಂಡು "ಹಾಂ" ಅನ್ನುತ್ತಾನೆ. ಆ ಕಡೆಯ ಮಾತು ಪುಸ್ತಕದಲ್ಲಿ ಇಲ್ಲ. ಮತ್ತೆ "ಹಾಂ." ಆಮೇಲೆ "ಸರಿ." ಮೂರು ಪದಕ್ಕೆ ಮೂರು ಬೇರೆ ದನಿ. ಕೊನೆಯ 'ಸರಿ'ಯಲ್ಲಿ ಮಗಳು ಈ ವರ್ಷವೂ ಬರುವುದಿಲ್ಲ ಅಂತ ಇತ್ತು. ಯಾರಪ್ಪ ಇವರು ಅಂತ ಒದ್ದೆ ಕೈ ಒರೆಸಿಕೊಂಡು ಫೋನ್ ನೋಡಿದರೆ ಅದೇ ಹೆಸರು!

ಅವರು ಓದಿದ್ದು ಇನ್ನೂ ನಾಲ್ಕು ಪುಸ್ತಕ ಇಳಿಸಿಕೊಂಡಿದ್ದೇನೆ. ಪತ್ತೇದಾರಿ ಕಥೆ ಮಾತ್ರ ಅವರಿಂದ ಕೇಳುವುದಿಲ್ಲ.